ಪೆಂಗ್ವಿನ್ ಹೆಸರು ಮೊದಲು ಯಾರದ್ದು?

ಪ್ರಶ್ನೆ: ಪೆಂಗ್ವಿನ್ ಅಂದರೆ 'ಬಿಳಿ ತಲೆ' ಎಂದು ಮಗಳು ಎಲ್ಲೋ ಓದಿಕೊಂಡು ಬಂದಿದ್ದಾಳೆ. ಚಿತ್ರ ನೋಡಿದರೆ ಅದರ ತಲೆ ಕಪ್ಪಗಿದೆ. ಯಾವುದು ಸರಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮಗಳು ಓದಿದ್ದು ಸುಮ್ನೆ ಹುಟ್ಟಿದ ಮಾತಲ್ಲ. ಆದರೆ ಆ ಹೆಸರು ಮೊದಲು ಇದ್ದದ್ದು ಬೇರೆ ಹಕ್ಕಿಗೆ. ಅದರ ಹೆಸರು ಗ್ರೇಟ್ ಆಕ್, ಈಗ ಒಂದೂ ಉಳಿದಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ಹಕ್ಕಿ ಅದು. ಸುಮಾರು ಮುಕ್ಕಾಲು ಮೀಟರ್ ಎತ್ತರ, ಬೆನ್ನು ಕಪ್ಪು, ಹೊಟ್ಟೆ ಬಿಳಿ, ಹಾರೋಕೆ ಬರುತ್ತಿರಲಿಲ್ಲ, ಈಜುವುದರಲ್ಲಿ ಮಾತ್ರ ಎತ್ತಿದ ಕೈ.

16ನೇ ಶತಮಾನದಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡ್ ಕಡೆ ಹೋದ ಇಂಗ್ಲಿಷ್ ನಾವಿಕರು ಪೆಂಗ್ವಿನ್ ಎನ್ನುತ್ತಿದ್ದದ್ದು ಇದನ್ನೇ. ದಕ್ಷಿಣದ ಸಮುದ್ರಕ್ಕೆ ಹೋದವರು ಅಲ್ಲೂ ಕಪ್ಪು ಬಿಳಿಯ, ಹಾರದ ಹಕ್ಕಿ ಕಂಡು ಅದೇ ಹೆಸರಿನಿಂದ ಕರೆದರು. ಎರಡಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ನಮ್ಮಲ್ಲೂ ಹೀಗೇ ಅಲ್ವಾ? ಮಳೆಗಾಲದಲ್ಲಿ ಗದ್ದೆಯ ಏರಿ ಮೇಲೆ ಬಿಳಿ ಎದೆ ತೋರಿಸಿಕೊಂಡು, ಗಿಡ್ಡ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಓಡಿ ಪೊದೆಗೆ ನುಗ್ಗುವ ಹುಂಡುಕೋಳಿಯನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಅದು ಕೋಳಿ ಜಾತಿಯದ್ದೇ ಅಲ್ಲ. ನಡಿಗೆ ನೋಡಿ ಕೋಳಿ ಅಂದೆವು, ಅಷ್ಟೇ.

ಇನ್ನು ಅರ್ಥ. ಬ್ರಿಟನ್ನಿನ ವೆಲ್ಶ್ ಭಾಷೆಯಲ್ಲಿ 'ಪೆನ್' ಅಂದರೆ ತಲೆ, 'ಗ್ವಿನ್' ಅಂದರೆ ಬಿಳಿ. ಗ್ರೇಟ್ ಆಕ್ ತಲೆಯೂ ಕಪ್ಪೇ, ನಿಜ. ಆದರೆ ಮರಿ ಮಾಡುವ ಕಾಲದಲ್ಲಿ ಕಣ್ಣಿಗೂ ಕೊಕ್ಕಿಗೂ ನಡುವೆ ದೊಡ್ಡ ಬಿಳಿ ಮಚ್ಚೆ ಮೂಡುತ್ತಿತ್ತು. ಇನ್ನು ಕೆಲವರು ಕೊಬ್ಬಿದ್ದು ಎಂಬ ಅರ್ಥದ ಲ್ಯಾಟಿನ್ ಪದ 'ಪಿಂಗ್ವಿಸ್' ಇದರ ಮೂಲ ಎನ್ನುತ್ತಾರೆ. ಈ ವಾದ ಇನ್ನೂ ಮುಗಿದಿಲ್ಲ. ನನಗೆ ಮೊದಲನೆಯದೇ ಜಾಸ್ತಿ ಹಿಡಿಸುತ್ತದೆ, ಯಾಕೆಂದರೆ ಹಳೆಯ ಚಿತ್ರಗಳಲ್ಲಿ ಕಣ್ಣು ಮೊದಲು ಹೋಗಿ ನಿಲ್ಲುವುದು ಆ ಮಚ್ಚೆ ಮೇಲೆಯೇ. ಫ್ರೆಂಚರು ಇವತ್ತಿಗೂ 'ಪ್ಯಾಂಗ್ವಾ' ಎನ್ನುವುದು ಗ್ರೇಟ್ ಆಕ್‌ನ ನೆಂಟ ಹಕ್ಕಿಗೆ. ನಾವು ಪೆಂಗ್ವಿನ್ ಎನ್ನುವುದಕ್ಕೆ ಅವರಲ್ಲಿ ಬೇರೆಯದೇ ಹೆಸರಿದೆ, 'ಮಾಂಶೊ'.

ಹಕ್ಕಿ ಹೋದದ್ದು ಮಾತ್ರ ಹೊಟ್ಟೆ ಉರಿಯುವ ಕಥೆ. ಮಾಂಸ, ಮೊಟ್ಟೆ, ಎಣ್ಣೆ, ದಿಂಬಿಗೆ ತುಂಬುವ ಪುಕ್ಕ, ಎಲ್ಲಕ್ಕೂ ಅದನ್ನೇ ಕೊಂದರು. ಹಾರಲಾರದ ಹಕ್ಕಿ, ವರ್ಷಕ್ಕೆ ಇಡುತ್ತಿದ್ದದ್ದು ಒಂದೇ ಮೊಟ್ಟೆ, ಹೇಗೆ ತಡೆದೀತು? 1844ರ ಜೂನ್‌ನಲ್ಲಿ ಐಸ್‌ಲ್ಯಾಂಡ್ ಬಳಿಯ ಎಲ್ಡೇ ಎಂಬ ಬಂಡೆಯ ದ್ವೀಪದಲ್ಲಿ ಒಂದು ಜೋಡಿಯನ್ನು ಹಿಡಿದು ಕೊಂದರು. ಮೊಟ್ಟೆ ಒಡೆದುಹೋಯಿತು. ಮೊಟ್ಟೆ ಇಟ್ಟಿದ್ದ ಜೋಡಿಯಲ್ಲಿ ಕೊನೆಯದಾಗಿ ಗೊತ್ತಿರುವುದು ಅದೇ.

ಮಗಳಿಗೆ ಗ್ರೇಟ್ ಆಕ್ ಚಿತ್ರ ಹುಡುಕಿ ತೋರಿಸಿ. ಆ ಬಿಳಿ ಮಚ್ಚೆ ಅವಳಿಗೇ ಕಾಣಿಸುತ್ತದೆ.