ಪ್ರತಿಕ್ರಿಯೆ: ಕಪ್ಪು ಕ್ಲ್ಯಾಡಿಂಗ್‌ಗೆ ಬಾಡಿ ಬಣ್ಣ ಹೊಡೆಸಬೇಕೇ?

ಸರ್, ಬಿಳಿ ಎಸ್‌ಯುವಿ, ದಿನಾ ಕಲಬುರಗಿ–ಸೇಡಂ ಓಡಾಟ, ಕೆಳಗಿನ ಕಪ್ಪು ಕ್ಲ್ಯಾಡಿಂಗ್‌ಗೂ (ಬಾಗಿಲ ಕೆಳಗೆ, ಚಕ್ರದ ಸುತ್ತ ಇರೋ ಪ್ಲಾಸ್ಟಿಕ್ ಪಟ್ಟಿ) ಬಿಳಿ ಹೊಡೆಸಿ ಪೂರಾ ಒಂದೇ ಬಣ್ಣ ಮಾಡಿಸಲೇನು ಅಂತ ಕೇಳೀರಿ. ನಿಮ್ಮ ಓಡಾಟಕ್ಕೆ ಎರಡು ಬಣ್ಣನೇ ಛಲೋ, ಹಂಗೇ ಬಿಡ್ರಿ.

ಹೆಚ್ಚಿನ ಗಾಡಿಗಳಲ್ಲಿ ಆ ಕ್ಲ್ಯಾಡಿಂಗ್ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್. ಕಪ್ಪು ಬಣ್ಣ ಪ್ಲಾಸ್ಟಿಕ್‌ನೊಳಗೇ ಬೆರೆತಿರ್ತದ, ಅದಕ್ಕೇ ಜಲ್ಲಿ ಸಿಡಿದು ಗೀರು ಬಿದ್ದರೂ ಎದ್ದು ಕಾಣೂದಿಲ್ಲ. ಬಿಳಿ ಹೊಡೆಸಿದರೆ ಮೊದಲು ಮುಂದಿನ ಚಕ್ರದ ಹಿಂದಿನ ಅಂಚಿನಲ್ಲಿ ಕಪ್ಪು ಚುಕ್ಕೆ ಏಳ್ತಾವ. ಪ್ರೆಶರ್ ವಾಶ್ ನೀರು ಆ ಚುಕ್ಕೆಯೊಳಗೆ ನುಗ್ಗಿತಂದ್ರೆ ಬಣ್ಣದ ಪದರ ಹಾಳೆಯಂಗ ಕಿತ್ತು ಬರ್ತದ.

ಹೊಡೆಸಲೇಬೇಕು ಅಂದ್ರೆ ಭಾಗಗಳನ್ನು ಬಿಚ್ಚಿಸ್ರಿ. ಕ್ಲಿಪ್ ಮುರೀತಾವ, ಹೊಸವು ಮೊದಲೇ ತರಿಸಿಟ್ಟುಕೊಳ್ರಿ. ಸೋಪಿನಿಂದ ತೊಳೆದು, ಜಿಡ್ಡು ತೆಗೆಯೋ ಡೀಗ್ರೀಸರ್ ಒರೆಸಿದ ಮೇಲೇ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಮರಳು ಕಾಗದ) ಹಿಡೀಬೇಕು. ಕಪ್ಪು ಪ್ಲಾಸ್ಟಿಕ್‌ಗೆ ಹಿಂದೆ ಹಚ್ಚಿದ ಟ್ರಿಮ್ ಪಾಲಿಶ್‌ನ ಸಿಲಿಕೋನ್ ಉಳಿದರೆ ಬಣ್ಣದಾಗ ಕುಳಿ ಬೀಳ್ತಾವ. ಬಣ್ಣಕ್ಕೂ ಮೊದಲು ಅಡ್ಹೀಷನ್ ಪ್ರೊಮೋಟರ್ (ಬಣ್ಣ ಪ್ಲಾಸ್ಟಿಕ್‌ಗೆ ಹಿಡಿಯೋ ಹಂಗ ಮಾಡೋ ದ್ರವ) ತೆಳುವಾಗಿ ಹೊಡೀಲೇಬೇಕು. ಬರೀ ಪ್ರೈಮರ್ ಸಾಕು ಅನ್ನೋ ಪೇಂಟರ್ ಹತ್ತಿರ ಕೆಲಸ ಕೊಡಬೇಡ್ರಿ, ಪಾಲಿಪ್ರೊಪಿಲೀನ್ ಮೇಲೆ ಸಾದಾ ಪ್ರೈಮರ್ ಹಿಡಿಯೂದಿಲ್ಲ. ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್‌ಗೆ ಅದನ್ನು ಬಾಗುವಂಗ ಮಾಡೋ ಫ್ಲೆಕ್ಸ್ ಅಡಿಟಿವ್ ಬೆರೆಸಿದರೆ ಪ್ಲಾಸ್ಟಿಕ್ ಬಾಗಿದಾಗ ಬಿರುಕು ಕಡಿಮೆ.

ನಮ್ಮ ಬಿಸಿಲಿಗೆ ಕಪ್ಪು ಕ್ಲ್ಯಾಡಿಂಗ್ ಬೂದಿ ಬಣ್ಣಕ್ಕೆ ತಿರುಗೂದು ಖರೆ. ಅದಕ್ಕೆ ಯುವಿ ತಡೆ ಇರುವ ಟ್ರಿಮ್ ಕೋಟಿಂಗ್ ಹಚ್ಚಿಸ್ರಿ. ಡೀಸೆಲ್ ಒರೆಸಿದರೆ ಹೊಳಪು ನಿಲ್ಲೂದಿಲ್ಲ, ಧೂಳು ಮಾತ್ರ ಅಂಟ್ತದ. ಸೇಡಂ ಕಡೆಯ ಸಿಮೆಂಟ್ ಧೂಳನ್ನಂತೂ ಒಣ ಬಟ್ಟೆಯಿಂದ ಒರೆಸಲೇಬೇಡ್ರಿ. ಇಬ್ಬನಿಗೆ ಗಟ್ಟಿಯಾಗೋ ಮುಂಚೆ ಬಹಳ ನೀರು ಹರಿಸಿ ತೊಳೀರಿ.