ಸಾವಯವ ದಿನಸಿ: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ

ಪ್ರಶ್ನೆ: ನಮ್ಮದು ನಾಲ್ವರ ಸಂಸಾರ. ಎಲ್ಲವನ್ನೂ ಸಾವಯವವೇ ತರಬೇಕೆಂದರೆ ತಿಂಗಳ ಖರ್ಚು ಕೈಮೀರುತ್ತದೆ. ಎಲ್ಲಿಂದ ಶುರು ಮಾಡಲಿ? ‘ನ್ಯಾಚುರಲ್’ ಎಂದು ಬರೆದಿದ್ದರೆ ನಂಬಬಹುದೇ?
– ಗೃಹಿಣಿ, ತುಮಕೂರು

ಉತ್ತರ: ‘ನ್ಯಾಚುರಲ್’, ‘ನಾಟಿ’, ‘ಅನ್‌ಪಾಲಿಶ್ಡ್’ ಇವ್ಯಾವುವೂ ಸಾವಯವಕ್ಕೆ ಪುರಾವೆಯಲ್ಲ. ಪಾಲಿಶ್ ಮಾಡದ ತೊಗರಿಬೇಳೆಗೂ ಹೊಲದಲ್ಲಿ ಔಷಧಿ ಹೊಡೆದಿರಬಹುದು. ಪೊಟ್ಟಣದ ಮೇಲೆ ‘ಜೈವಿಕ್ ಭಾರತ್’ (ಸಾವಯವ ಆಹಾರಕ್ಕೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತು) ಇದೆಯೇ ನೋಡಿ. ‘ಇಂಡಿಯಾ ಆರ್ಗ್ಯಾನಿಕ್’ ಅಥವಾ ಪಿಜಿಎಸ್ (ರೈತರ ಗುಂಪೇ ಪರಸ್ಪರ ತಪಾಸಣೆ ಮಾಡಿ ಕೊಡುವ ದೃಢೀಕರಣ) ಗುರುತನ್ನೂ ನೋಡಿ. ‘ಪಿಜಿಎಸ್ ಗ್ರೀನ್’ ಎಂದಿದ್ದರೆ ಆ ಹೊಲ ಇನ್ನೂ ಸಾವಯವಕ್ಕೆ ಬದಲಾಗುವ ಹಂತದಲ್ಲಿದೆ ಎಂದರ್ಥ. ಅದಕ್ಕೆ ಸಾವಯವದ ಪೂರ್ತಿ ಬೆಲೆ ಕೇಳಿದರೆ ಚೌಕಾಸಿ ಮಾಡಿ. ಸಂತೆಯಲ್ಲಿ ಸಣ್ಣ ರೈತರೇ ನೇರವಾಗಿ ಮಾರುವಾಗ ಈ ನಿಯಮದಲ್ಲಿ ವಿನಾಯಿತಿ ಇರುವುದರಿಂದ, ಗುರುತಿಲ್ಲದ ಮಾತ್ರಕ್ಕೆ ಸುಳ್ಳು ಎನ್ನಲಾಗದು. ಹುಳ ಬಿದ್ದರೆ ಏನು ಹೊಡೆಯುತ್ತೀರಿ ಎಂದು ಕೇಳಿ. ನಿಜವಾಗಿ ಸಾವಯವ ಮಾಡುವವರು ತಡವರಿಸದೆ ಹೇಳುತ್ತಾರೆ.

ದುಡ್ಡು ಮೊದಲು ಹೋಗಬೇಕಾದದ್ದು ಸಿಪ್ಪೆ ಸಮೇತ ತಿನ್ನುವ, ಕೊಯ್ಲಿನ ಹತ್ತಿರದವರೆಗೂ ಔಷಧಿ ಬೀಳುವ ಪದಾರ್ಥಗಳಿಗೆ: ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿ, ಹೂಕೋಸು, ದ್ರಾಕ್ಷಿ. ತೆಂಗಿನಕಾಯಿ, ಈರುಳ್ಳಿ, ಬಾಳೆಹಣ್ಣು ಮಾಮೂಲಿಯದೇ ಸಾಕು. ಮಳೆಯಾಶ್ರಿತ ರಾಗಿಗೆ ಔಷಧಿ ಹೊಡೆಯುವುದೇ ಅಪರೂಪ. ಅದಕ್ಕೆ ದುಪ್ಪಟ್ಟು ಬೆಲೆ ಕೊಡುವ ಅಗತ್ಯ ನಮಗಂತೂ ಕಾಣುವುದಿಲ್ಲ.

ಪ್ರಶ್ನೆ: ಸಾವಯವ ಬೇಳೆ, ನವಣೆಗೆ ಬೇಗ ಹುಳ ಬರುತ್ತದೆ. ಹಳೇ ಮಾಲೇ?
– ಓದುಗರು, ದಾವಣಗೆರೆ

ಉತ್ತರ: ಹಳೆಯದೇ ಆಗಿರಬೇಕಿಲ್ಲ. ಮಾಮೂಲಿ ಗೋದಾಮುಗಳಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಟ್ಟು, ಅದರ ಹೊಗೆಯಿಂದ ಹುಳ ಸಾಯಿಸುತ್ತಾರೆ. ಸಾವಯವಕ್ಕೆ ಅದು ನಿಷಿದ್ಧ. ಹಾಗಾಗಿ ಕಾಳಿನೊಳಗಿನ ಮೊಟ್ಟೆ ಉಳಿದು ಸೆಕೆಗೆ ಮರಿಯಾಗುತ್ತದೆ. ತಿಂಗಳಿಗೆ ಬೇಕಾದಷ್ಟೇ ತನ್ನಿ. ಒಂದೊಂದು ಕೆ.ಜಿ.ಯಂತೆ ಗಾಳಿಯಾಡದ ಹಾಗೆ ಕಟ್ಟಿ 4 ದಿನ ಫ್ರೀಜರಿನಲ್ಲಿಡಿ. ಹೊರತೆಗೆದ ಕೂಡಲೇ ಬಿಚ್ಚಬೇಡಿ: ತಣ್ಣನೆಯ ಕಾಳಿನ ಮೇಲೆ ನೀರು ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ. ಅರ್ಧ ದಿನ ಹಾಗೇ ಬಿಟ್ಟು, ಪೊಟ್ಟಣದ ತಣುಪು ಹೋದ ಮೇಲೆ ಒಣ ಡಬ್ಬಿಗೆ ಸುರಿಯಿರಿ. ಫ್ರೀಜರಿನಲ್ಲಿ ಜಾಗವಿಲ್ಲದಿದ್ದರೆ ತೊಗರಿಬೇಳೆಗೆ ಹರಳೆಣ್ಣೆ ಸವರುವ ಹಳೇ ಕ್ರಮವೇ ಸರಿ. ಕೆ.ಜಿ.ಗೆ 1 ಟೀ ಚಮಚ ಸಾಕು, ಬೇಯಿಸುವಾಗ ತೊಳೆದರಾಯಿತು.

ತೌಡು ಉಳಿಸಿದ ನವಣೆ, ಸಾಮೆ ಅಕ್ಕಿಯ ತೊಂದರೆಯೇ ಬೇರೆ. ತೌಡಿನಲ್ಲಿ ಎಣ್ಣೆಯಂಶವಿದೆ, ಅದು ಗಾಳಿಗೆ ಕೆಟ್ಟು ಕಮಟು ಹಿಡಿಯುತ್ತದೆ. ಬೆಲೆಗಿಂತ ಮೊದಲು ಪ್ಯಾಕ್ ಮಾಡಿದ ತಾರೀಖು ನೋಡಿ. ಹಿಟ್ಟಾದರೆ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ.

ಪ್ರಶ್ನೆ: ಮಾಮೂಲಿ ತರಕಾರಿಯನ್ನು ಸೋಡಾ ನೀರಲ್ಲಿ ತೊಳೆದರೆ ಸಾಕೇ?
– ಓದುಗರು, ಮೈಸೂರು

ಉತ್ತರ: ಲೀಟರು ನೀರಿಗೆ 2 ಟೀ ಚಮಚ ಅಡುಗೆ ಸೋಡಾ ಬೆರೆಸಿ 15 ನಿಮಿಷ ನೆನೆಸಿ, ಹರಿಯುವ ನೀರಲ್ಲಿ ತೊಳೆದರೆ ಮೇಲೆ ಅಂಟಿದ ಔಷಧಿ ಬಹುಪಾಲು ಹೋಗುತ್ತದೆ. ಗಿಡ ಹೀರಿಕೊಂಡು ಕಾಯಿಯೊಳಗೆ ಸೇರಿದ ಔಷಧಿ ಹೋಗುವುದಿಲ್ಲ.

ಪ್ರಶ್ನೆ: ಹೊಂಬಣ್ಣದ ಬೆಲ್ಲ ಒಳ್ಳೆಯದೇ?
– ಓದುಗರು, ಮಂಡ್ಯ

ಉತ್ತರ: ಆ ಬಣ್ಣ ಬಹಳ ಸಲ ಆಲೆಮನೆಯಲ್ಲಿ ಬಣ್ಣ ತಿಳಿಯಾಗಲೆಂದು ಹಾಕುವ ಹೈಡ್ರೋಸ್ ಎಂಬ ರಾಸಾಯನಿಕದ್ದು. ಕಂದು ಬೆಲ್ಲ ಕೊಳ್ಳಿ. ಆದರೆ ಕಂದಾದ ಮಾತ್ರಕ್ಕೆ ಸಾವಯವವಲ್ಲ, ಕಬ್ಬಿನ ಗದ್ದೆಗೆ ಏನು ಹಾಕಿದ್ದರೆಂದು ಬೆಲ್ಲದ ಬಣ್ಣ ಹೇಳದು.