ಮನೆಯೊಳಗೆ ನೀರು ಬಂದ್ರೆ ಇನ್ಶೂರೆನ್ಸ್ ಸಿಗ್ತದಾ?

ಪ್ರಶ್ನೆ: ಸರ್, ನಮ್ಮದು ಕೆಂಪುಕಲ್ಲಿನ ಮನೆ, ಮೇಲೆ ಟೆರೇಸ್. ಹೋಮ್ ಲೋನ್ ತಗೊಳ್ಳುವಾಗ ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ರು. ಈ ಸಲದ ಆಟಿ ಮಳೆಗೆ ಹಾಲ್‌ನ ಸೀಲಿಂಗಿನಿಂದ ನೀರಿಳಿದು ಟಿವಿ ಹೋಯ್ತು, ಗೋಡೆಯ ಪೇಂಟೆಲ್ಲ ಉಬ್ಬಿದೆ. ಕ್ಲೈಮ್ ಹಾಕಿದ್ರೆ ಸಿಗಬಹುದಾ?
– ಓದುಗರು, ಪೆರ್ಲ

ಉತ್ತರ: ನೀವು ಬರೆದಷ್ಟರಲ್ಲಿ ನೋಡಿದ್ರೆ ಸ್ವಲ್ಪ ಕಷ್ಟವೇ ಉಂಟು. ಕಂಪೆನಿಯವರು ಮೊದಲು ಕೇಳೋದು ನೀರು ಎಲ್ಲಿಂದ, ಹೇಗೆ ಒಳಗೆ ಬಂತು ಅಂತ. 2021ರ ಏಪ್ರಿಲ್ 1ರಿಂದ ಐಆರ್‌ಡಿಎಐ, ಅಂದ್ರೆ ಇನ್ಶೂರೆನ್ಸ್ ಕಂಪೆನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ, ತಂದ ‘ಭಾರತ್ ಗೃಹ ರಕ್ಷಾ’ ಅನ್ನೋ ಸ್ಟ್ಯಾಂಡರ್ಡ್ ಪಾಲಿಸಿ ಉಂಟಲ್ಲ, ಅದರಲ್ಲಿ ನೆರೆ, ಬಿರುಗಾಳಿ, ಗುಡ್ಡೆ ಜರಿಯೋದು, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯೋದು, ತುಂಬಿ ಹರಿಯೋದು ಎಲ್ಲ ಕವರ್ ಆಗ್ತದೆ. ತೋಡು ಉಕ್ಕಿ ಅಂಗಳ ದಾಟಿ ಒಳಗೆ ನುಗ್ಗಿದ್ರೆ ಧೈರ್ಯವಾಗಿ ಕ್ಲೈಮ್ ಹಾಕಿ, ಗಾಳಿಗೆ ತೆಂಗಿನ ಮರ ಬಿದ್ದು ಸ್ಲ್ಯಾಬ್ ಒಡೆದು ಆ ದಾರಿಯಿಂದ ನೀರು ಬಂದ್ರೂ ಹಾಕಿ. ಆದ್ರೆ ಟೆರೇಸಿನ ಸಣ್ಣ ಬಿರುಕಿನಿಂದ ಪ್ರತಿ ಮಳೆಗಾಲ ಇಷ್ಟಿಷ್ಟೇ ಜಿನುಗಿದ್ದು ಅವರ ಲೆಕ್ಕದಲ್ಲಿ ಸವೆತ, ಅದರ ರಿಪೇರಿ ಮನೆಯವರದ್ದೇ. ನಮ್ಮ ಕಡೆ ಟೆರೇಸಿನ ಮೇಲೆ ಮತ್ತೆ ಶೀಟ್ ಹಾಕಿಸೋದು ಸುಮ್ಮನೆ ಅಲ್ಲ ಮಾರಾಯ್ರೆ.

ನಷ್ಟ ನೋಡ್ಲಿಕ್ಕೆ ಕಂಪೆನಿ ಕಳಿಸುವ ಸರ್ವೇಯರ್ ಬಂದ್ರೆ ಎಂತ ಮಾಡ್ತಾರೆ ಗೊತ್ತುಂಟಾ, ಉಬ್ಬಿದ ಪೇಂಟನ್ನು ಉಗುರಲ್ಲಿ ಕೆರೆದು ಅಡಿಯಲ್ಲಿ ಕಪ್ಪು ಬೂಸ್ಟು ಉಂಟಾ ನೋಡ್ತಾರೆ, ಸೀಲಿಂಗಲ್ಲಿ ಒಂದರ ಸುತ್ತ ಇನ್ನೊಂದು ಹಳದಿ ಕಲೆ ಇದ್ರೆ ಇದು ಹಳೇ ಸೋರಿಕೆ ಅಂತ ಅಲ್ಲೇ ಬರ್ಕೊಳ್ತಾರೆ. ನಿಮ್ಮಲ್ಲಿ ಸೋರಿದ್ದು ಇದೇ ಮೊದಲಾ, ಆ ದಿನ ಗಾಳಿಗೆ ಎಂತಾದ್ರೂ ಒಡೆದಿತ್ತಾ, ಟ್ಯಾಂಕಿನ ಪೈಪ್ ಬಿಟ್ಟಿತ್ತಾ ಅಂತ ಮೇಲೆ ಹತ್ತಿ ಒಮ್ಮೆ ನೋಡಿ. ಒಡೆದದ್ದು ಇದ್ರೆ ಹಾಗೇ ಇಟ್ಟು ಫೋಟೋ, ವಿಡಿಯೋ ತೆಗೆದು ಆವತ್ತೇ ಕಂಪೆನಿಗೆ ತಿಳಿಸಿ, ಹಾಳಾದ ಸಾಮಾನು ಗುಜರಿಯವರಿಗೆ ಕೊಡಬೇಡಿ. ಇಲ್ಲದ ಕಥೆ ಕಟ್ಟೋದು ಮಾತ್ರ ಬೇಡ, ಸಿಗೋದೂ ಹೋಗ್ತದೆ.

ಟಿವಿ ವಿಷಯ ಬೇರೆ. ಬ್ಯಾಂಕಿನವರು ಮಾಡಿಸಿದ್ದು ಎಷ್ಟೋ ಸಲ ಕಟ್ಟಡಕ್ಕೆ ಮಾತ್ರ ಇರ್ತದೆ, ಕೆಲವು ಸಲ ಅದು ಮನೆಯ ಇನ್ಶೂರೆನ್ಸೇ ಅಲ್ಲ, ಸಾಲಗಾರ ತೀರಿಕೊಂಡ್ರೆ ಸಾಲ ಕಟ್ಟುವ ಲೈಫ್ ಪಾಲಿಸಿ! ಮೊದಲು ಪಾಲಿಸಿ ಕಾಗದ ಕೇಳಿ ತಗೊಳ್ಳಿ. ಗೃಹ ರಕ್ಷಾದಲ್ಲಿ ಕಟ್ಟಡದ ಜೊತೆ ಸಾಮಾನಿಗೂ ಕವರ್ ತಗೊಂಡಿದ್ರೆ, ಪಟ್ಟಿ ಕೊಡದೆಯೇ ಕಟ್ಟಡದ ಮೊತ್ತದ ಶೇ. 20ರಷ್ಟು, ಹೆಚ್ಚೆಂದ್ರೆ 10 ಲಕ್ಷದವರೆಗೆ ಸಾಮಾನಿಗೆ ಸಿಗ್ತದೆ. 24 ಲಕ್ಷದ ಕಟ್ಟಡವಾದ್ರೆ 4.8 ಲಕ್ಷ ಆಯ್ತು. ಈ ಕಟ್ಟಡದ ಮೊತ್ತ ಅಂದ್ರೆ ಮತ್ತೆ ಕಟ್ಟಲಿಕ್ಕೆ ಬೇಕಾಗುವ ಖರ್ಚು, ಜಾಗದ ರೇಟು ಅದಕ್ಕೆ ಸೇರಿಸಬೇಡಿ. ಚಿನ್ನಕ್ಕೆ ಬೇರೆ ಕವರ್ ಬೇಕು. ಅಟ್ಟದಲ್ಲಿ ಮಾರ್ಲಿಕ್ಕೆ ಇಟ್ಟ ಅಡಿಕೆ ಗೋಣಿಯನ್ನೂ ಮನೆ ಸಾಮಾನು ಅಂತ ನಂಬಿ ಕೂತ್ಕೊಳ್ಬೇಡಿ.

ಪ್ರಶ್ನೆ: ಮಗ ಸಂಸಾರ ಸಮೇತ ಗಲ್ಫಲ್ಲಿ, ಅವನ ಮನೆಗೆ ಬೀಗ. ಮೇಲಿನ ಬಾತ್‌ರೂಮಿನ ಪೈಪ್ ಒಡೆದು ಎಷ್ಟು ದಿನ ನೀರು ಹರಿಯಿತೋ ಗೊತ್ತಿಲ್ಲ, ಮರದ ಬೀರು ಎಲ್ಲ ಹಾಳು. ಕೊಡ್ತಾರಾ?
– ಓದುಗರು, ಉಪ್ಪಳ

ಉತ್ತರ: ಪೈಪ್ ಒಡೆದದ್ದು ಕವರ್ ಆಗುವ ಕಾರಣವೇ, ಹಾಗಾಗಿ ಕ್ಲೈಮ್ ಹಾಕಿ. ಆದ್ರೆ ಮನೆ ತುಂಬಾ ದಿನ ಖಾಲಿ ಬಿದ್ರೆ ಎಂತ ಅಂತ ನಿಮ್ಮ ಪಾಲಿಸಿಯ ಕಂಡೀಷನ್ ಓದಿ, ಅಲ್ಲೇ ತಕರಾರು ಬರಬಹುದು. ಮುಂದಕ್ಕೆ ಬೀಗ ಹಾಕುವಾಗ ಟ್ಯಾಂಕಿನ ಹತ್ರದ ವಾಲ್ವ್ ಬಂದ್ ಮಾಡಿ ಹೋಗ್ಲಿಕ್ಕೆ ಹೇಳಿ. ಪಾಲಿಸಿ ಮಗನ ಹೆಸರಲ್ಲಿದ್ರೆ ಕ್ಲೈಮೂ ಅವನದ್ದೇ, ನೀವು ಓಡಾಡ್ಲಿಕ್ಕೆ ಅವನಿಂದ ಒಪ್ಪಿಗೆ ಪತ್ರ ತರಿಸಿಕೊಳ್ಳಿ.

ಪ್ರಶ್ನೆ: ನೆರೆ ಕ್ಲೈಮ್ ರಿಜೆಕ್ಟ್ ಆಯ್ತು. ಪಾಲಿಸಿ ಮಾಡಿದ್ದು ಮಂಗಳೂರಿನ ಆಫೀಸಲ್ಲಿ, ಮನೆ ಇರೋದು ಇಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ದೂರು ಕೊಡೋದು ಕೇರಳದಲ್ಲಾ ಕರ್ನಾಟಕದಲ್ಲಾ?
– ಓದುಗರು, ಕುಂಬಳೆ

ಉತ್ತರ: ಮೊದಲು ಕಂಪೆನಿಯ ದೂರು ವಿಭಾಗಕ್ಕೇ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ರೆ, ಇಲ್ಲಾ ಬಂದದ್ದು ಸರಿ ಕಾಣದಿದ್ರೆ ಇಂಥ ದೂರು ವಿಚಾರಿಸಿ ತೀರ್ಮಾನ ಮಾಡುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಕಂಪೆನಿಯ ಆಫೀಸ್ ಇರುವ ಕಡೆಯಲ್ಲೂ ಆಗ್ತದೆ, ನೀವು ವಾಸ ಇರುವ ಕಡೆಯಲ್ಲೂ ಆಗ್ತದೆ, ಅಂದ್ರೆ ನಿಮಗೆ ಬೆಂಗಳೂರೂ ಉಂಟು ಕೊಚ್ಚಿಯೂ ಉಂಟು. ಕಾಗದಪತ್ರ ಕನ್ನಡದಲ್ಲಿದ್ರೆ ನಾನಾದ್ರೆ ಬೆಂಗಳೂರನ್ನೇ ಹಿಡೀತಿದ್ದೆ. ಫೀಸಿಲ್ಲ, ವಕೀಲರು ಬೇಡ. ಕಂಪೆನಿ ಕೊನೆಯ ಉತ್ತರ ಕೊಟ್ಟ ಒಂದು ವರ್ಷದೊಳಗೆ ಹಾಕಬೇಕು, ಆ ಕಾಗದದ ತಾರೀಕು ಈಗಲೇ ನೋಡಿಕೊಳ್ಳಿ.